ಗಂಟೆಗೆ 340 ರೂಪಾಯಿ ದುಡಿಯುವವರು ಪಾತ್ರೆ ತಿಕ್ಕಬೇಕೇ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು. ಆಮೇಲೆ ಕ್ಯಾಲ್ಕುಲೇಟರ್ ಕೈಗೆ ಬಂತು, ನನ್ನ ಕಸುಬೇ ಅದು. ತಿಂಗಳಿಗೆ 68,000 ಸಂಬಳ, 200 ಗಂಟೆ ಕೆಲಸ, ಅಂದರೆ ಗಂಟೆಗೆ 340. ಅದಕ್ಕಿಂತ ಕಡಿಮೆ ದುಡ್ಡಿಗೆ ಬೇರೆಯವರು ಮಾಡಿಕೊಡುವ ಯಾವ ಕೆಲಸವನ್ನೂ ನೀವು ಮುಟ್ಟಿದರೆ ನಷ್ಟ ಎಂದು ಎಕ್ಸೆಲ್ ಶೀಟು ಮಾಡಿಟ್ಟಿದ್ದೀರಿ. ಹೆಂಡತಿಯೂ ಕೆಲಸಕ್ಕೆ ಹೋಗುತ್ತಾರೆ, ಮೂರು ವರ್ಷದ ಮಗು ಇದೆ, ಭಾನುವಾರ ಬಟ್ಟೆ, ಪಾತ್ರೆ, ನೆಲ ಒರೆಸುವುದರಲ್ಲೇ ಕಳೆದುಹೋಗುತ್ತದೆ. ಊರಿಂದ ಬಂದ ಅಮ್ಮ ಮಾತ್ರ "ಕೈಕಾಲು ಗಟ್ಟಿ ಇರೋವಾಗ ಕೆಲಸದವರು ಯಾಕೆ" ಅಂದರಂತೆ. ಯಾರು ಸರಿ ಅಂತ ಕೇಳಿದ್ದೀರಿ.

ಕೆಲಸದವರನ್ನು ಇಟ್ಟುಕೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಲೆಕ್ಕ ತಪ್ಪಿದೆ.

ನಾನು ಮೈಸೂರಿನಲ್ಲಿ ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತಲ್ಲ, ಆಗಿನಿಂದಲೂ ಇದೇ. ಒಂದು ಬೇಕರಿ, ಒಂದು ಹಾರ್ಡ್‌ವೇರ್, ಎರಡು ಬಟ್ಟೆ ಅಂಗಡಿ, ಹೀಗೆ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1 ಎಂಬ ಮಾರಾಟದ ಪಟ್ಟಿ, 20ಕ್ಕೆ 3ಬಿ ಎಂಬ ತೆರಿಗೆ ಲೆಕ್ಕ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದರ ಮೇಲೆ ಬಡ್ಡಿ, ಅದರ ಮೇಲೆ ಅಂಗಡಿಯವರ ಮುಖ. ಹಾಗಾಗಿ 18ನೇ ತಾರೀಖಿನ ಸಂಜೆ ನನಗೆ ಒಂದು ಗಂಟೆ ಸಿಕ್ಕರೆ ಅದು ಚಿನ್ನ. ಆ ಹೊತ್ತಿಗೆ ಯಾರಾದರೂ ಅಡುಗೆಮನೆ ಕಟ್ಟೆ ಒರೆಸಿಕೊಡುತ್ತೇನೆಂದರೆ ಕೇಳಿದಷ್ಟು ಕೊಡುತ್ತೇನೆ. ಅದೇ ಗಂಟೆ 25ನೇ ತಾರೀಖು ಸಿಕ್ಕರೆ ಕೊಳ್ಳುವವರೇ ಇಲ್ಲ. ನಾನೇ ಕಟ್ಟೆ ಒರೆಸುತ್ತೇನೆ, ರೇಡಿಯೋ ಹಾಕಿಕೊಂಡು.

ನಿಮ್ಮದು ತಿಂಗಳ ಸಂಬಳ. ಭಾನುವಾರ ಪಾತ್ರೆ ತಿಕ್ಕದೆ ಕೂತಿದ್ದಕ್ಕೆ ಕಂಪನಿಯವರು ಕರೆದು 340 ಕೈಗಿಡುತ್ತಾರಾ? ಇಲ್ಲ ತಾನೇ. ಹಾಗಿದ್ದ ಮೇಲೆ ಕೆಲಸದವರಿಗೆ ಕೊಡುವ ದುಡ್ಡು ಪೂರ್ತಿ ಖರ್ಚೇ, ಲಾಭದ ಕಾಲಮ್ಮಿಗೆ ಏನೂ ಬರುವುದಿಲ್ಲ. ಖರ್ಚು ಅಂತಲೇ ಒಪ್ಪಿಕೊಂಡು, ಸಿನಿಮಾ ಟಿಕೆಟ್ಟಿಗೆ ಕೊಟ್ಟಂತೆ ಸಂತೋಷವಾಗಿ ಕೊಡಿ. ದುಡ್ಡು ಉಳಿಸಿದೆ ಅಂತ ಸುಳ್ಳು ಸಮಾಧಾನ ಬೇಡ.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಶೀಟಿನಲ್ಲಿ ನಿಮ್ಮ ಗಂಟೆಗೆ ಮಾತ್ರ ಕಾಲಮ್ ಇದೆ. ಹೆಂಡತಿಯದು ಎಲ್ಲಿ? ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ ಎಂದಿದೆ. ಆ 88 ಕೂಡ ಮಾಡುವ ಗಂಡಸರ ಲೆಕ್ಕ, ಮಾಡದವರು ಅದರಲ್ಲಿ ಇಲ್ಲವೇ ಇಲ್ಲ. ನೀವು ಪಾತ್ರೆ ತಿಕ್ಕುವವರ ಪೈಕಿ ಅನ್ನುವುದು ಪ್ರಶ್ನೆಯಿಂದಲೇ ಗೊತ್ತಾಯಿತು, ಒಳ್ಳೆಯದು. ಆದರೂ ಒಂದು ವಾರ ಇಬ್ಬರ ನಿಮಿಷಗಳನ್ನೂ ಬರೆದಿಡಿ. ಮಗುವಿನ ಡಬ್ಬಿಗೆ ನಾಳೆ ಏನು ಹಾಕುವುದು, ಗ್ಯಾಸ್ ಯಾವಾಗ ಬುಕ್ ಮಾಡುವುದು ಎಂದು ತಲೆಯೊಳಗೇ ನಡೆಯುವ ಕೆಲಸವನ್ನೂ ಸೇರಿಸಿ. ಯಾವ ಕೆಲಸ ಹೊರಗೆ ಕೊಡಬೇಕು ಅನ್ನುವುದು ಆಗ ಬೇರೆಯೇ ಆಗಿ ಕಾಣಬಹುದು.

ಅಮ್ಮನ ಮೇಲೆ ಸಿಟ್ಟು ಬೇಡ. ಅವರ ಕಾಲದಲ್ಲಿ ಮನೆಗೆಲಸಕ್ಕೆ ರೇಟು ಹಾಕಿದವರೇ ಇರಲಿಲ್ಲ. 1989ರಲ್ಲಿ ಜಮ್‌ಶೆಡ್‌ಪುರದಲ್ಲಿ ಒಂದು ಸಮಾರಂಭದ ಪೆಂಡಾಲಿಗೆ ಬೆಂಕಿ ಬಿದ್ದು ಹೆಂಗಸರು ಮಕ್ಕಳು ಎಷ್ಟೋ ಜನ ಸತ್ತರು. ಪರಿಹಾರದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2001ರಲ್ಲಿ ಅದು ಗೃಹಿಣಿಯರ ದುಡಿಮೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜು ಕಟ್ಟಿತು. ಬೆಲೆ ಕಟ್ಟುವ ಪ್ರಸಂಗ ಬಂದದ್ದು ಆ ಹೆಂಗಸರು ಹೋದ ಮೇಲೆ. ನಿಮ್ಮ ಅಮ್ಮ ಇಷ್ಟು ವರ್ಷ ಪುಕ್ಕಟೆ ಮಾಡಿದ ಕೆಲಸಕ್ಕೆ ನೀವು ಈಗ ಬೇರೆಯವರಿಗೆ ದುಡ್ಡು ಎಣಿಸುತ್ತೇನೆ ಅಂದರೆ ಅವರಿಗೆ ಎಲ್ಲೋ ಚುರುಕ್ ಅನ್ನಿಸುತ್ತದೆ. ಕೈಕಾಲು ಗಟ್ಟಿ ಅನ್ನುವುದು ಬಾಯಿಗೆ ಬಂದ ಮಾತು, ಅಷ್ಟೇ.

ಈಗ ನನ್ನ ಕಥೆ. ನಮ್ಮ ಮನೆಯ ಕಸ-ಮುಸುರೆಗೆ ಒಬ್ಬರು ಬರುತ್ತಾರೆ. ನನಗಿಂತ ದೊಡ್ಡವರು, ಅಕ್ಕ ಅಂತಲೇ ಕರೆಯುವುದು. ನಮ್ಮದು ಅವರಿಗೆ ನಾಲ್ಕನೇ ಮನೆ. ಎರಡು ವರ್ಷದ ಹಿಂದೆ ಒಂದು 19ನೇ ತಾರೀಖು ಅವರು ಮುಕ್ಕಾಲು ಗಂಟೆ ತಡವಾಗಿ ಬಂದರು. ನಾನು ಲ್ಯಾಪ್‌ಟಾಪ್ ಮುಂದಿನಿಂದ ಎದ್ದು ಬಾಗಿಲು ತೆಗೆಯುವಾಗಲೇ ಸಿಡುಕಿದೆ. "ಏನಕ್ಕ, ನನ್ನ ಟೈಮಿಗೂ ಬೆಲೆ ಇದೆ, ಬೇಗ ಬರಬಾರದಾ?"

ಅವರು ಚಪ್ಪಲಿ ಬಿಟ್ಟು ನೇರ ಸಿಂಕಿಗೆ ಹೋದರು. ನಲ್ಲಿ ತಿರುಗಿಸಿ, ಕುಕ್ಕರಿನ ತಳಕ್ಕೆ ಅಂಟಿದ್ದ ಅನ್ನ ನೆನೆಯಲು ಬಿಟ್ಟು, ತಿರುಗಿ ನೋಡದೆಯೇ ಹೇಳಿದರು. "ಮೂರನೇ ಮನೇಲಿ ನೆಂಟರು ಬಂದವ್ರೆ ಕಣಮ್ಮ. ಮುಸುರೆ ಎರಡು ಪಟ್ಟು ಇತ್ತು. ಅದಕ್ಕೇನು ಜಾಸ್ತಿ ಕೊಡಲ್ಲ ಬಿಡಿ."

ಆ ಹಿಂದಿನ ದಸರಾದಲ್ಲಿ ನಮ್ಮ ಮನೆಗೂ ಹತ್ತು ದಿನ ನೆಂಟರಿದ್ದರು. ಮೆರವಣಿಗೆ, ವಸ್ತುಪ್ರದರ್ಶನ, ದೀಪಾಲಂಕಾರ ಎಲ್ಲ ತೋರಿಸಿ ಕಳಿಸಿದ್ದೆ. ಅಕ್ಕನಿಗೆ ಒಂದು ಬ್ಲೌಸ್ ಪೀಸು ಕೊಟ್ಟಿದ್ದೆ.

ರಾತ್ರಿ ಫೈಲಿಂಗ್ ಮುಗಿಸಿ ಅದೇ ಶೀಟಿನ ಕೆಳಗೆ ಅವರ ಲೆಕ್ಕ ಹಾಕಿದೆ. ಆಗ ಕೊಡುತ್ತಿದ್ದದ್ದು 2,200. ಭಾನುವಾರವೂ ಸೇರಿ 30 ದಿನ, ದಿನಕ್ಕೆ ಒಂದೂಕಾಲು ಗಂಟೆ, ಒಟ್ಟು ಮೂವತ್ತೇಳೂವರೆ ಗಂಟೆ. ಗಂಟೆಗೆ 59 ರೂಪಾಯಿಯೂ ಬೀಳುತ್ತಿರಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವ ಹೊತ್ತು ಯಾರ ಲೆಕ್ಕದಲ್ಲೂ ಇಲ್ಲ. ಮನೆಗೆಲಸಕ್ಕೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿತು. ಆ ದರ ನೋಡಿ ಮನೆಕೆಲಸದವರಿಗೆ ಸಂಬಳ ಗೊತ್ತು ಮಾಡಿದವರನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ. ನಾನೂ ನೋಡಿರಲಿಲ್ಲ, ಊರಿನ ಅಂಗಡಿಗಳಿಗೆಲ್ಲ ಕಾಯ್ದೆ ಹೇಳಿಕೊಡುವವಳು. ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಅಂತ ಕೇಳಿಕೊಂಡು ಅಷ್ಟೇ ಕೊಡುತ್ತಿದ್ದೆ.

ಮಾರನೇ ತಿಂಗಳಿಂದ 3,500 ಮಾಡಿ, ಭಾನುವಾರ ರಜೆ ಅಂದೆವು. ಈಗ ಗಂಟೆಗೆ 107 ಚಿಲ್ಲರೆ ಆಯಿತು. ನಾವು ಊರಿಗೆ ಹೋದರೆ ಸಂಬಳ ಹಿಡಿಯುವುದಿಲ್ಲ, ನೆಂಟರು ಬಂದರೆ ಆ ದಿನಗಳಿಗೆ ಬೇರೆ ದುಡ್ಡು. ಪಕ್ಕದ ಮನೆಯವರು ಇವತ್ತಿಗೂ "ನೀವೇ ರೇಟು ಕೆಡಿಸಿದ್ದು" ಅನ್ನುತ್ತಾರೆ. ಅನ್ನಲಿ. ಅಕ್ಕ ಈಗಲೂ ಒಮ್ಮೊಮ್ಮೆ ತಡವಾಗಿಯೇ ಬರುತ್ತಾರೆ, ಅದು ಬೇರೆ ವಿಷಯ. ನಿಮಗೆ ಹೇಳುವುದಿಷ್ಟು, ಯಾರನ್ನಾದರೂ ಇಟ್ಟುಕೊಳ್ಳುವ ಮುಂಚೆ ಅವರ ಕಡೆಯಿಂದಲೂ ಒಮ್ಮೆ ಭಾಗಾಕಾರ ಮಾಡಿ. ಬಂದ ಸಂಖ್ಯೆಯನ್ನು ಅವರ ಎದುರು ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಅದು ಕಡಿಮೆ ಅಂತ ಅರ್ಥ.

ಹೊರಗೆ ಕೊಡುವುದನ್ನು ಎಲ್ಲಿಂದ ಶುರು ಮಾಡುವುದು? ಇಸ್ತ್ರಿಯಿಂದ. ನಮ್ಮ ರಸ್ತೆ ತಿರುವಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಇದ್ದಿಲಿನ ಪೆಟ್ಟಿಗೆಯಲ್ಲಿ ಉಜ್ಜುವವರಿದ್ದಾರೆ, ಒಂದು ಬಟ್ಟೆಗೆ 10 ರೂಪಾಯಿ. ವಾರಕ್ಕೆ ಹನ್ನೆರಡು ಬಟ್ಟೆ, 120. ಮನೆಯಲ್ಲಿ ನಾನು ಉಜ್ಜಿದರೆ ಒಂದೂವರೆ ಗಂಟೆ, ಜೊತೆಗೆ ಸೊಂಟ ನೋವು, ಅಷ್ಟಾದರೂ ಕಾಲರ್ ಸರಿಯಾಗಿ ಕೂರುವುದಿಲ್ಲ. ನಿಮಗೆ ಯಾವುದನ್ನು ನೆನೆಸಿಕೊಂಡರೆ ಶನಿವಾರ ರಾತ್ರಿಯೇ ಮುಖ ಸಪ್ಪಗಾಗುತ್ತದೋ ಅದನ್ನು ಮೊದಲು ಕೊಡಿ. ರೇಟು ಹೆಚ್ಚಾದರೂ ಪರವಾಗಿಲ್ಲ.

ಎಲ್ಲವನ್ನೂ ಕೊಟ್ಟುಬಿಡಬೇಡಿ ಅಂತಲೂ ಹೇಳುತ್ತೇನೆ, ಇದರಲ್ಲಿ ನಾನೇ ಎಡವಿದ್ದೇನೆ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಹಿತಕಿದ ಬೇಳೆ ಸಾರು ಆಗಲೇಬೇಕು ನಮ್ಮಲ್ಲಿ. ಕಾಯಿ ಸುಲಿದು, ಕಾಳು ರಾತ್ರಿ ನೆನೆಹಾಕಿ, ಒಂದೊಂದಾಗಿ ಹಿತಕಿ ಸಿಪ್ಪೆ ತೆಗೆಯುವುದಕ್ಕೆ ಅರ್ಧ ದಿನ ಬೇಕು. ಮಾರುಕಟ್ಟೆಯಲ್ಲಿ ಹಿತಕಿದ ಬೇಳೆಯೇ ಸಿಗುತ್ತದಲ್ಲ ಎಂದು ಎರಡು ವರ್ಷ ಅದನ್ನೇ ತಂದೆ. ಸಾರಿನ ರುಚಿಯಲ್ಲಿ ಕೊರತೆಯೇನೂ ಇರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ನನ್ನ ಅಮ್ಮ ಬಂದವರು ನನ್ನನ್ನು ಕೇಳದೆ ಐದು ಕೆಜಿ ಕಾಯಿ ತಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಮಾರನೇ ದಿನ ನೆನೆದ ಕಾಳಿನ ಬೇಸಿನ್ ನಡುವೆ ಇಟ್ಟುಕೊಂಡು ಹಜಾರದಲ್ಲಿ ನಾಲ್ಕೂ ಜನ ಕೂತೆವು. ನಮ್ಮ ಮನೆಯವರು ಹಿತಕಿದ ರಭಸಕ್ಕೆ ಬೇಳೆ ಹಾರಿ ಮಗಳ ಹಣೆಗೆ ಬಿತ್ತು. ಅಲ್ಲಿಂದ ಅದೇ ಆಟವಾಯಿತು, ಯಾರದು ಎಷ್ಟು ದೂರ ಹಾರುತ್ತದೆ ಅಂತ. ಅಮ್ಮ ತಲೆ ಎತ್ತದೆ ಹಿತಕುತ್ತಲೇ, ತಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹಾಲ್ ಟಿಕೆಟ್ ಬಂದ ಮೇಲೂ ಯಾಕೆ ಕೂರಲಿಲ್ಲ ಅನ್ನುವುದನ್ನು ಹೇಳಿದರು. ನನಗೆ ನಲವತ್ತಮೂರು ವರ್ಷ, ಆ ವಿಷಯ ಕೇಳಿದ್ದು ಅವತ್ತೇ ಮೊದಲು.

ನಡುವೆ ಬೇಕರಿಯವರ ಫೋನು ಎರಡು ಸಲ ಬಂತು. ಕೈಯೆಲ್ಲ ಸೊಗಡು, ಎತ್ತಲಿಲ್ಲ. ತಾರೀಖು 22 ಆಗಿತ್ತು.