ಐವಿಎಫ್‌ಗೆ ಮುಂಚೆ ಕೌನ್ಸೆಲರ್ ಹತ್ತಿರ ಹೋಗಲೇಬೇಕಾ?

ವಿರಾಜಪೇಟೆಯಿಂದ ಕೇಳಿದ್ದೀರಿ: ಐವಿಎಫ್ (ಅಂಡ, ವೀರ್ಯ ಲ್ಯಾಬ್‌ನಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಮಾಡಿಸೋಕೆ ಕೌನ್ಸೆಲರ್ ಯಾಕೆ, ನಮ್ಮ ತಲೆ ಸರಿಯಾಗೇ ಇದೆ, ಬೇಕೇ ಬೇಕು ಅಂದರೆ ಹೆಂಡತಿಯನ್ನು ಮಾತ್ರ ಕಳಿಸಿದರೆ ಸಾಲದಾ ಅಂತ. ಸಾಲದು. ನೀವೂ ಹೋಗಿ.

ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಚಿಕಿತ್ಸೆಗೆ ಮೈಸೂರಿಗೆ ಓಡಾಡುತ್ತಿದ್ದೆವು. ವಾಪಸ್ ಬರುವಾಗ ಇಂಜೆಕ್ಷನ್‌ಗಳನ್ನು ಐಸ್ ಪ್ಯಾಕ್ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದೆ. ಪಕ್ಕದಲ್ಲಿ ಊರಿನವರು ಸಿಕ್ಕಿ ಏನಮ್ಮಾ ಅದು ಅಂದರೆ, "ಅತ್ತೆಯ ಶುಗರ್ ಇಂಜೆಕ್ಷನ್" ಅನ್ನುತ್ತಿದ್ದೆ.

ಶುರುವಿನಲ್ಲೇ ಅಲ್ಲಿನ ಕೌನ್ಸೆಲರ್ ಕೇಳಿದ್ದರು: "ಇದು ಆಗಲಿಲ್ಲ ಅಂದರೆ ಮುಂದೇನು? ಎಷ್ಟು ಸಲ ಮಾಡಿಸೋದು ಅಂತ ಇಬ್ಬರೂ ಮಾತಾಡಿಕೊಂಡಿದ್ದೀರಾ?" ನನ್ನ ಗಂಡ ತಕ್ಷಣ "ಬಿಡ್ತು ಅನ್ನಿ ಮೇಡಂ" ಅಂದರು. ನನಗೂ ಸಿಟ್ಟು ಬಂದಿತ್ತು. ಒಳ್ಳೆ ಕೆಲಸಕ್ಕೆ ಹೊರಟಾಗ ಇದೆಂಥ ಮಾತು? ಸಹಿ ಹಾಕಿ ಎದ್ದು ಬಂದೆವು.

ನಮಗೆ ದುಬಾರಿಯಾಗಿದ್ದು ಅದೇ. ಐವಿಎಫ್ ಮಾಡಿಸಿದರೆ ಮಗು ಆಗೇ ಆಗುತ್ತದೆ ಅಂತಿಲ್ಲ. ಹೆಂಗಸಿಗೆ 35 ದಾಟಿದ ಮೇಲಂತೂ ಆಗುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಇದನ್ನು ತಿಳಿದುಕೊಂಡು ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಬೇಕಿತ್ತು. ಆಡಲಿಲ್ಲ. ಮೊದಲ ಸಲ ಫೇಲ್ ಆದಾಗ ನನ್ನ ಗಂಡ ಮೆಣಸಿನ ದುಡ್ಡು ಬರುವ ಮುಂಚೆಯೇ ಸಾಲ ಎತ್ತಿ ಮುಂದಿನದಕ್ಕೆ ಕಟ್ಟಿದರು. ನನಗೆ ಸಾಕಾಗಿತ್ತು. ಹೇಳಲಿಲ್ಲ. ಹೇಳಿದರೆ ಅವರ ಆಸೆಗೆ ಕಲ್ಲು ಹಾಕಿದ ಹಾಗೆ ಅಲ್ವಾ ಅಂತ ಸುಮ್ಮನಿದ್ದೆ. ಹುತ್ತರಿ ಹಬ್ಬಕ್ಕೆ ನೆಂಟರ ಮನೆಗೆ ಹೋದರೆ ಎಲ್ಲರದ್ದೂ ಒಂದೇ ಪ್ರಶ್ನೆ, "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಆಮೇಲೆ ಹೋಗುವುದನ್ನೇ ಬಿಟ್ಟೆ. ಮನೆಯೊಳಗೂ ಮಾತು ನಿಂತಿತು.

ಕೊನೆಗೆ ಬೇರೆ ಕೌನ್ಸೆಲರ್ ಹತ್ತಿರ ಇಬ್ಬರೂ ಹೋದೆವು. ಅವರು ಒಂದೊಂದು ಚೀಟಿ ಕೊಟ್ಟು, ಎಲ್ಲಿಯವರೆಗೆ ಮಾಡಿಸುತ್ತೀರಿ, ಒಬ್ಬರದ್ದು ಇನ್ನೊಬ್ಬರು ನೋಡದೆ ಬರೆಯಿರಿ ಅಂದರು. ನನ್ನ ಗಂಡ "ಮಗು ಆಗುವವರೆಗೆ" ಅಂತ ಬರೆದಿದ್ದರು. ನಾನು "ಸಾಕು" ಅಂತ. ಎರಡು ಚೀಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ನನ್ನ ಗಂಡ ಅತ್ತುಬಿಟ್ಟರು. ಗಂಡಸಿಗೂ ಅಳು ಇರುತ್ತದೆ, ಅದಕ್ಕೊಂದು ಜಾಗ ಬೇಕು. ಹೆಂಡತಿಯನ್ನು ಮಾತ್ರ ಕಳಿಸಬೇಡಿ ಅನ್ನೋದು ಅದಕ್ಕೇ. ಫ್ರೀಜ್ ಮಾಡಿಟ್ಟಿದ್ದ ಭ್ರೂಣ ಇದ್ದವು. ಅವನ್ನು ಹಾಕಿಸಿ ನಿಲ್ಲಿಸೋಣ ಅಂತ ಅಲ್ಲೇ ಒಪ್ಪಿಕೊಂಡೆವು. ಅದೂ ಆಗಲಿಲ್ಲ. ಆದರೆ ಆ ಸಲ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಅತ್ತೆವು.

ಕೌನ್ಸೆಲಿಂಗ್‌ನಿಂದ ಮಗು ಆಗುವ ಚಾನ್ಸ್ ಜಾಸ್ತಿ ಆಗುತ್ತಾ ಅಂತಲೂ ಕೇಳಿದ್ದೀರಿ. ಆ ಲೆಕ್ಕದಲ್ಲಿ ನೋಡಲೇಬೇಡಿ. ಕೌನ್ಸೆಲರ್ ಇರೋದು ನಿಮ್ಮಿಬ್ಬರಿಗೋಸ್ಕರ. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಇರುವ 2021ರ ಕಾನೂನಿನ ಪ್ರಕಾರ ಕ್ಲಿನಿಕ್‌ನವರು ಮಗು ಆಗುವ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅವಳಿ-ತ್ರಿವಳಿ ಆಗುವ ಅಪಾಯ ಎಲ್ಲವನ್ನೂ ಕೌನ್ಸೆಲಿಂಗ್‌ನಲ್ಲಿ ಬಿಡಿಸಿ ಹೇಳಲೇಬೇಕು. ಕೇಳಿ ಪಡೆಯಿರಿ. ಒಂದು ಎಚ್ಚರ: ಕೆಲವು ಕಡೆ ಪ್ಯಾಕೇಜ್, ಇಎಂಐ ಹೇಳುವವರನ್ನೂ ಕೌನ್ಸೆಲರ್ ಅಂತಲೇ ಕರೆಯುತ್ತಾರೆ. ಏನು ಓದಿದ್ದೀರಿ ಅಂತ ಧೈರ್ಯವಾಗಿ ಕೇಳಿ.

ದತ್ತು ವಿಷಯವನ್ನೂ ಮೊದಲ ದಿನವೇ ಕೇಳಿಬಿಡಿ. ಗಂಡ ಹೆಂಡತಿ ವಯಸ್ಸು ಸೇರಿ 85 ದಾಟಿದರೆ ಎರಡು ವರ್ಷದೊಳಗಿನ ಮಗುವಿಗೆ ಅರ್ಜಿ ಹಾಕಲು ಬರುವುದಿಲ್ಲ ಅಂತ ನಮಗೆ ತಿಳಿಸಿದ್ದು ಆ ಎರಡನೇ ಕೌನ್ಸೆಲರ್. ನಾವು ಅರ್ಜಿ ಹಾಕಿದ್ದೇವೆ, ಸರದಿಯಲ್ಲಿದ್ದೇವೆ.

ಮೈಸೂರಿಗೆ ಹೋಗುವವರೆಗೆ ತಡೆಯಲಾಗದಷ್ಟು ಮನಸ್ಸು ಕೆಟ್ಟರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.