ಖಣ ಊರಿನದು, ಬರೆದ ಮಾತು ನಿಮ್ಮದು

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮದು ಗುಳೇದಗುಡ್ಡ. ಎರಡು ತಿಂಗಳು ನೇಕಾರರ ಮನೆಮನೆ ತಿರುಗಿ ನಮ್ಮೂರ ರವಿಕೆ ಬಟ್ಟೆ ಖಣದ ಬಗ್ಗೆ ಬರೆದೆ. ನಾನೇ ತೆಗೆದ ಫೋಟೊ ಸಮೇತ ಫೇಸ್‌ಬುಕ್‌ಗೆ ಹಾಕಿದೆ. ಈಗ ಅದೆಲ್ಲ ಬೇರೆ ಪೇಜಿನಲ್ಲಿ ಅವರ ಹೆಸರಲ್ಲಿದೆ. ಇನ್ನೊಬ್ಬರು ಯೂಟ್ಯೂಬ್‌ನಲ್ಲಿ ಒಂದಕ್ಷರ ಬಿಡದೆ ಓದಿದ್ದಾರೆ. ಕೇಳಿದರೆ, 'ಖಣ ನಿಮ್ಮ ಮನೆ ಆಸ್ತಿಯೇನು? ನೆಟ್‌ನಲ್ಲಿ ಹಾಕಿದ್ದು ಎಲ್ಲರದ್ದೂ' ಎನ್ನುತ್ತಾರೆ. ನಾನು ರಿಜಿಸ್ಟರ್ ಮಾಡಿಸಿಲ್ಲ. ಏನು ಮಾಡಲಿ?

ಉತ್ತರ: ತಂಗೀ, ರಿಜಿಸ್ಟರ್ ಬೇಕಾಗಿಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೆಟ್‌ಗೆ ಹಾಕಿದರೆ ಅದು ಹೋಗುವುದಿಲ್ಲ. ಬರಹಕ್ಕೆ ನೀವಿರುವವರೆಗೆ, ಆಮೇಲೂ 60 ವರ್ಷ ರಕ್ಷಣೆ ಇದೆ.

ಆದರೆ ಅವರ ಮಾತಿನಲ್ಲಿ ಒಂದು ಎಳೆ ನಿಜ. ಖಣ ಯಾರೊಬ್ಬರದ್ದೂ ಅಲ್ಲ. ತೇರು, ಆನೆಹೆಜ್ಜೆ ಎಂಬ ವಿನ್ಯಾಸದ ಹೆಸರು, ಮಗ್ಗ ನಡೆಯುವ ರೀತಿ, ಹಿರಿಯರು ಹೇಳಿದ ವಿಷಯ, ಇವನ್ನು ಯಾರು ಬೇಕಾದರೂ ಬರೆಯಬಹುದು. ಅವರೂ ಮಗ್ಗದ ಮುಂದೆ ಕೂತು, ಕೇಳಿ, ತಮ್ಮ ಮಾತಿನಲ್ಲಿ ಬರೆದಿದ್ದರೆ ನಮ್ಮ ತಕರಾರು ಇರುತ್ತಿರಲಿಲ್ಲ. ನಿಮ್ಮದಾಗಿರುವುದು ನಿಮ್ಮ ವಾಕ್ಯ ಮತ್ತು ನಿಮ್ಮ ಫೋಟೊ. ಅದನ್ನೇ ಎತ್ತಿದ್ದಾರೆ ಅಲ್ವಾ? ಜೋರಾಗಿ ಓದಿದರೂ ನಕಲು ನಕಲೇ. ಕೆಳಗೆ ನಿಮ್ಮ ಹೆಸರು ಹಾಕಿದ್ದರೂ ಒಪ್ಪಿಗೆ ಬೇಕಿತ್ತು. ಹೆಸರು ಅಳಿಸಿದ್ದಂತೂ ಇನ್ನೊಂದು ತಪ್ಪು. ಬರೆದವರು ತಾನೇ ಎನ್ನಿಸಿಕೊಳ್ಳುವ ಹಕ್ಕನ್ನು 57ನೇ ಕಲಮು ಬೇರೆಯಾಗಿಯೇ ಕೊಟ್ಟಿದೆ.

ಇನ್ನು ಅವರ ಜೊತೆ ವಾದ ಬೇಡ. ಬೈದರೆ ಪೋಸ್ಟ್ ಅಳಿಸುತ್ತಾರೆ, ಸಾಕ್ಷಿಯೂ ಹೋಗುತ್ತದೆ. ಹೀಗೆ ಕೈ ಖಾಲಿ ಮಾಡಿಕೊಂಡು ಬಂದವರನ್ನು ನೋಡಿ ನನಗೆ ತುಂಬಾ ಬೇಜಾರಾಗಿದೆ. ಇವತ್ತೇ ಲಿಂಕ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ವಿಡಿಯೊ ಇಳಿಸಿಕೊಳ್ಳಿ. ಫೋನಿನಲ್ಲಿರುವ ಮೂಲ ಫೋಟೊ ಅಳಿಸಬೇಡಿ. ನೀವು ನೋಟ್‌ಬುಕ್‌ನಲ್ಲಿ ಗೀಚಿಕೊಂಡದ್ದಿದ್ದರೆ ಅದೂ ಬಂಗಾರ.

ಆಮೇಲೆ ದೂರು. ಫೇಸ್‌ಬುಕ್, ಯೂಟ್ಯೂಬ್ ಎರಡರಲ್ಲೂ ಕಾಪಿರೈಟ್ ದೂರಿನ ಫಾರಂ ಇದೆ, ಖರ್ಚಿಲ್ಲ. ಸುಮ್ನೆ 'ರಿಪೋರ್ಟ್' ಒತ್ತಿದರೆ ಸಾಲದು. ನಿಮ್ಮ ಲಿಂಕ್, ಅವರ ಲಿಂಕ್ ಎರಡೂ ಕೊಡಿ. ನಿಮ್ಮ ಹೆಸರು ಅವರಿಗೆ ತಿಳಿಯಬಹುದು, ಅದಕ್ಕೆ ತಯಾರಿರಿ. ಯೂಟ್ಯೂಬ್‌ನಲ್ಲಿ 90 ದಿನದೊಳಗೆ ಮೂರು ಸ್ಟ್ರೈಕ್, ಅಂದರೆ ನಕಲಿಗೆ ಎಚ್ಚರಿಕೆ, ಬಿದ್ದರೆ ಚಾನೆಲ್ಲೇ ಹೋಗಬಹುದು. ಹಾಗಾಗಿ ಬಹಳ ಜನ ಇಲ್ಲೇ ದಾರಿಗೆ ಬರುತ್ತಾರೆ.

ಬಗ್ಗದಿದ್ದರೆ ವಕೀಲರಿಂದ ನೋಟಿಸ್ ಕಳಿಸಿ. ಗೊತ್ತಿದ್ದೂ ನಕಲು ಮಾಡಿದರೆ 63ನೇ ಕಲಮಿನ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. ದುಡ್ಡಿನ ಲಾಭಕ್ಕೆ ಮಾಡಿದ್ದಲ್ಲ ಎಂದಾದರೆ ಕೋರ್ಟು ಕಡಿಮೆ ಮಾಡಬಹುದು. ಪರಿಹಾರಕ್ಕೆ ದಾವೆ ಹಾಕಲು ಅವರ ಊರಿಗೆ ಅಲೆಯಬೇಕಿಲ್ಲ. ಅವರು ಬೆಂಗಳೂರಲ್ಲಿರಲಿ, ಪುಣೆಯಲ್ಲಿರಲಿ, ನೀವಿರುವ ಜಿಲ್ಲೆಯಲ್ಲೇ, ಬಾಗಲಕೋಟೆಯಲ್ಲೇ ಹಾಕಬಹುದು.