ಕೇಸ್ ತೆಗೆಯುವವಳು ಒಬ್ಬಳು, ಹೇಳುವವರು ಮತ್ತೊಬ್ಬರು

(ಗುರುತು ಸಿಗಬಾರದೆಂದು ಊರು, ಮನೆಯ ವಿವರ ಮತ್ತು ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿನಿ ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ.)

ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ನನ್ನ ಬಳಿ ಆಕೆ ಬಂದದ್ದು ವೇಳಾಪಟ್ಟಿ ಕೇಳಿಕೊಂಡು. ಎಂಬಿಬಿಎಸ್ ಮೂರನೆಯ ವರ್ಷ, ಸರ್ಕಾರಿ ಸೀಟು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಕುಳಿತವಳೇ ಚೀಲದಿಂದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ನಾಲ್ಕೂ ವೇಳಾಪಟ್ಟಿಗಳೇ. ಬೆಳಿಗ್ಗೆ 9ರಿಂದ 12 ವಾರ್ಡಿನಲ್ಲಿ ಪೋಸ್ಟಿಂಗ್ (ರೋಗಿಗಳ ಬಳಿ ಕಲಿಯುವ ಸರದಿ), ಮಧ್ಯಾಹ್ನ ತರಗತಿ, ಸಂಜೆ 6ರಿಂದ 10 ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ತರಬೇತಿಯ ವಿಡಿಯೊ, ಅದಾದ ಮೇಲೆ ಸಮುದಾಯ ವೈದ್ಯಶಾಸ್ತ್ರ ಮತ್ತು ನ್ಯಾಯವೈದ್ಯಶಾಸ್ತ್ರದ ಓದು. ನಿದ್ದೆಗೆ ಉಳಿದದ್ದು ಐದು ಗಂಟೆ.

"ಯಾವುದೂ ಮೂರು ದಿನ ನಡೆಯುವುದಿಲ್ಲ, ಮೇಡಂ. ನೀವೊಂದು ಮಾಡಿಕೊಡಿ."

ಮಾಡಿಕೊಟ್ಟೆ. ನನ್ನ ಮೊದಲ ತಪ್ಪು ಅದೇ. ಕೇಳಿದ್ದನ್ನು ಕೊಟ್ಟು ಕಳಿಸುವುದು ಸುಲಭ, ಅದರಲ್ಲೂ ಹೊರಗೆ ಇನ್ನಿಬ್ಬರು ಕಾಯುತ್ತಿರುವಾಗ. ಹತ್ತು ದಿನಕ್ಕೆ ಆಕೆ ಐದನೆಯ ಹಾಳೆಯ ಜೊತೆ ಮತ್ತೆ ಬಂದಳು, ಐದನೆಯದು ನನ್ನದು.

ಈ ಸಲ ಹಾಳೆಗಳನ್ನು ಸಾವಕಾಶವಾಗಿ ನೋಡಿದೆ. ಮುಗಿಸಿದ ಕೆಲಸಕ್ಕೆಲ್ಲ ಆಕೆ ಹಸಿರು ಪೆನ್ನಿನಲ್ಲಿ ಗುರುತು ಹಾಕಿದ್ದಳು. ಐದೂ ಹಾಳೆಗಳಲ್ಲಿ 9ರಿಂದ 12ರ ಸಾಲು ಮಾತ್ರ ಹೆಚ್ಚುಕಡಿಮೆ ಖಾಲಿ. "ವಾರ್ಡಿಗೆ ಹೋಗುತ್ತಿಲ್ಲವೇ?" ಎಂದೆ. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ಮೆಡಿಸಿನ್ ಪೋಸ್ಟಿಂಗಿನ 20 ದಿನಗಳಲ್ಲಿ ಹೋದದ್ದು 11 ದಿನ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದ ಪ್ರಕಾರ ಥಿಯರಿಗೆ ಶೇ. 75, ಪ್ರಾಯೋಗಿಕ ಮತ್ತು ಕ್ಲಿನಿಕಲ್ ಕಲಿಕೆಗೆ ಶೇ. 80ರಷ್ಟು ಹಾಜರಾತಿ ಇರಬೇಕು. ಹದಿನಾರಾದರೂ ಆಗಬೇಕಿದ್ದ ಕಡೆ ಹನ್ನೊಂದು. ಉಳಿದ ದಿನ ಹಾಸ್ಟೆಲ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ವಿಡಿಯೊ ನೋಡಿದ್ದಳು. ತಾನೇ ನೋಡಿದ ರೋಗಿಗಳ ವಿವರ ಬರೆಯಬೇಕಾದ ಲಾಗ್‌ಬುಕ್ಕಿನ ಕೇಸುಗಳು ಗೆಳತಿಯ ಪುಸ್ತಕದಿಂದ ಇಳಿಸಿಕೊಂಡವು.

ಬದುಕುವುದೇ ಬೇಡ ಎಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ವೈದ್ಯಕೀಯ ವಿದ್ಯಾರ್ಥಿಗಳನ್ನು ಇದನ್ನು ಕೇಳದೆ ನಾನು ಕಳಿಸುವುದಿಲ್ಲ. ಇಲ್ಲ ಎಂದಳು, ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ. ಆದರೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಆಕೆಯ ಮೊಬೈಲಿನಲ್ಲಿ ಸೇರಿಸಿಸಿದೆ. ನಡುರಾತ್ರಿ ನಾನು ಸಿಗುವುದಿಲ್ಲ, ಅದು ಸಿಗುತ್ತದೆ.

ಹಾಗಾದರೆ ವಾರ್ಡಿನಲ್ಲಿ ಏನಾಗುತ್ತಿತ್ತು? ಪಠ್ಯಕ್ರಮದ ಭಾಗವಾಗಿ ದತ್ತು ತೆಗೆದುಕೊಂಡ ಕುಟುಂಬಗಳ ಹಳ್ಳಿ ಭೇಟಿಗೆ ಆಕೆ ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ. ಆದ್ದರಿಂದ ರೋಗಿಗಳ ಭಯ ಇದ್ದಂತೆ ಕಾಣಲಿಲ್ಲ. ಕೊನೆಯದಾಗಿ ನೋಡಿದ ರೋಗಿಯ ಬಗ್ಗೆ ಹೇಳಿ ಎಂದೆ.

ಆಗ ಬೇರೆಯೇ ಹುಡುಗಿ ಮಾತನಾಡಿದಳು. ಅರವತ್ತು ದಾಟಿದ ಅಜ್ಜಿ, ಕಾಲು ಬಾವು, ದಮ್ಮು. ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ ಎಂದು ಕೇಳಿದರೆ, "ದಿಂಬೆಲ್ಲಿಯದು ಮಗಳೇ, ಗೋಡೆಗೆ ಒರಗಿಯೇ ರಾತ್ರಿ ಕಳೆಯುತ್ತೇನೆ" ಎಂದರಂತೆ. ನೀರಿಳಿಸುವ ಮಾತ್ರೆಯನ್ನು ಆರು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದರು. ಕೂಲಿಗೆ ಹೋಗುವ ದಿನ ಅಜ್ಜಿ ಅದನ್ನು ನುಂಗುತ್ತಿರಲಿಲ್ಲ. ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕು, ಬಟಾಬಯಲು ಹೊಲದಲ್ಲಿ ಗಂಡಸರ ನಡುವೆ ಎಲ್ಲಿಗೆ ಹೋಗುವುದು? ಕೇಸ್ ಶೀಟಿನಲ್ಲಿ ಇದ್ದದ್ದು 'ಔಷಧ ಸರಿಯಾಗಿ ತೆಗೆದುಕೊಂಡಿಲ್ಲ' ಎಂಬ ಒಂದೇ ಸಾಲು.

"ವೈದ್ಯರ ಮುಂದೆ ಈ ಕೇಸನ್ನು ಯಾರು ಪ್ರೆಸೆಂಟ್ ಮಾಡಿದರು?"

ಮಾಡಿದವಳು ಈಕೆಯಲ್ಲ. ಬ್ಯಾಚಿನ ಹನ್ನೆರಡು ಜನರಲ್ಲಿ ಏಳು ಮಂದಿಗೆ ಕನ್ನಡ ಬಾರದು. ಬಂದವರಲ್ಲೂ ಹೆಚ್ಚಿನವರು ನಗರದವರು, 'ಹೊಟ್ಟೆ ತೊಳಸುವುದು' ಯಾವುದು, 'ನುಲಿಯುವುದು' ಯಾವುದು ಎಂದು ತಿಳಿಯದವರು. ಹೀಗಾಗಿ ಎಲ್ಲರ ಕೇಸಿಗೂ ಪ್ರಶ್ನೆ ಕೇಳುವವಳು ಈಕೆಯೇ. ಉತ್ತರ ಬರೆದುಕೊಂಡು ಇಂಗ್ಲಿಷಿನಲ್ಲಿ ಒಪ್ಪಿಸುವವರು ಅವರು. ಗೋಡೆಗೆ ಒರಗಿದ ಅಜ್ಜಿಯ ರಾತ್ರಿ ಒಬ್ಬ ಹುಡುಗನ ಬಾಯಲ್ಲಿ 'ಆರ್ಥಾಪ್ನಿಯಾ' (ಮಲಗಿದರೆ ಉಸಿರು ಕಟ್ಟುವುದು) ಆಗಿ ಶಹಭಾಸ್ ಗಿಟ್ಟಿಸಿತು. ಮಾತ್ರೆಯ ಕಥೆಯನ್ನು ಆತ ಬಿಟ್ಟೇಬಿಟ್ಟ. ಈಕೆ ಮಂಚದ ಕಾಲ ಬಳಿ ಟಾರ್ಚ್ ಹಿಡಿದು ನಿಂತಿದ್ದಳು. ಬಿತ್ತಿದವಳು ಒಬ್ಬಳು, ರಾಶಿ ಮಾಡಿಕೊಂಡವರು ಮತ್ತೊಬ್ಬರು. ಅದಕ್ಕೂ ಹಿಂದೆ ಒಂದೇ ಒಂದು ಸಲ ತಾನೇ ಪ್ರೆಸೆಂಟ್ ಮಾಡಲು ಹೋಗಿ ಎರಡನೆಯ ವಾಕ್ಯಕ್ಕೆ ತಡವರಿಸಿದಾಗ, ಹಿರಿಯ ವೈದ್ಯರೊಬ್ಬರು "ಮೊದಲು ಭಾಷೆ ಕಲಿತು ಬಾ" ಎಂದಿದ್ದರಂತೆ. ವಾರ್ಡಿನಲ್ಲಿ ಆ ಹೊತ್ತಿಗೆ ಭಾಷೆ ಬರುತ್ತಿದ್ದುದು ಈಕೆಯೊಬ್ಬಳಿಗೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಇಷ್ಟು ಗೊತ್ತಾದ ಮೇಲೆ ಆರನೆಯ ವೇಳಾಪಟ್ಟಿ ಬೇಕಿರಲಿಲ್ಲ. ನಾನು ಹೇಳಿದ್ದು ಕೆಲವೇ ಮಾತು.

ನಾಳೆಯಿಂದ, ಕೇಸ್ ತೆಗೆದವಳೇ ಪ್ರೆಸೆಂಟ್ ಮಾಡಬೇಕು. ದಿನಾ ಬೇಡ, ವಾರಕ್ಕೆ ಒಂದು ಸಾಕು, ಆದರೆ ದಿನ ಗೊತ್ತುಮಾಡಿಕೊಂಡು ಬ್ಯಾಚಿಗೆ ಮೊದಲೇ ಹೇಳಿರಬೇಕು. ಉಳಿದ ದಿನ ಬೇರೆಯವರಿಗೆ ದುಭಾಷಿಯಾಗುವುದು ಬಿಟ್ಟಿ ಚಾಕರಿ ಆಗಬಾರದು. ಬ್ಯಾಚಿನಲ್ಲಿ ಕೇರಳದ ಹುಡುಗನೊಬ್ಬ ಕನ್ನಡ ಕಲಿಯುವ ಆಸೆಯಿಂದ ಇವಳ ಹಿಂದೆ ಬಿದ್ದಿದ್ದ. ಅವನಿಗೆ ಹತ್ತು ಪ್ರಶ್ನೆ ಕಲಿಸಿ, ಬದಲಿಗೆ ಅವನು ಸಂಜೆ ಕುಳಿತು ನಿಮ್ಮ ಇಂಗ್ಲಿಷ್ ಪ್ರೆಸೆಂಟೇಶನ್ ಕೇಳಲಿ ಎಂದೆ. ಮೊದಲ ನಾಲ್ಕು ಸಾಲನ್ನು ಬರೆದು ಬಾಯಿಪಾಠ ಮಾಡಿಕೊಳ್ಳಿ: ವಯಸ್ಸು, ಕಸುಬು, ಮುಖ್ಯ ತೊಂದರೆ, ಎಷ್ಟು ದಿನದಿಂದ. ನಾಲಿಗೆ ಅಲ್ಲಿಗೆ ಹದಕ್ಕೆ ಬಂದರೆ ಮುಂದಿನದು ಹೇಗೋ ಸಾಗುತ್ತದೆ.

ವಾರಕ್ಕೆ ಎರಡು ಸಂಜೆ, 5ರಿಂದ 6, ಇಂಟರ್ನ್ ಇರುವಾಗ ವಾರ್ಡಿಗೆ ಹೋಗಿ ಬರಲು ಹೇಳಿದೆ. ರೌಂಡ್ಸಿನ ಗದ್ದಲ ಇರುವುದಿಲ್ಲ, ರೋಗಿಗಳಿಗೂ ಪುರುಸೊತ್ತು. ಹಾಜರಾತಿಯ ಲೆಕ್ಕವನ್ನು ವಿಭಾಗದಲ್ಲೇ ಹೋಗಿ ಕೇಳಬೇಕು, ಕೊರತೆ ತುಂಬಿಕೊಡಲು ಏನು ದಾರಿ ಎಂದು ಬರಹದಲ್ಲಿ ಪಡೆಯಬೇಕು. ಲಾಗ್‌ಬುಕ್ಕಿನಲ್ಲಿ ಇಳಿಸಿಕೊಂಡ ಕೇಸುಗಳನ್ನು ಹೊಡೆದುಹಾಕಿ ನೋಡಿದವನ್ನಷ್ಟೇ ಬರೆಯಬೇಕು. ಇದಕ್ಕೆ ಆಕೆ ಬಹಳ ಹಿಂಜರಿದಳು. ನಾನು ಸಡಿಲಿಸಲಿಲ್ಲ.

ನಿಜವಾದ ಜಗ್ಗಾಟ ನಡೆದದ್ದು ತರಬೇತಿ ವಿಡಿಯೊಗಳ ಬಗ್ಗೆ. ಅಪ್ಪ ಸಂಘದ ಸಾಲ ತೆಗೆದು ಶುಲ್ಕ ಕಟ್ಟಿದ್ದರು. ಈ ವರ್ಷ ಬರೆಯಬೇಕಾದ ವಿಷಯಗಳನ್ನು ಪಕ್ಕಕ್ಕಿಟ್ಟು, ಎರಡು ವರ್ಷಕ್ಕೂ ಆಚೆ ಇರುವ 200 ಪ್ರಶ್ನೆಗಳ ಪರೀಕ್ಷೆಗೆ ದಿನಕ್ಕೆ ನಾಲ್ಕು ಗಂಟೆ ಕೊಡುವುದು ನನಗೆ ಸರಿ ಕಾಣಲಿಲ್ಲ. ಪೂರ್ತಿ ಬಿಡಿ ಎಂದೆ. ಆಕೆ ಒಪ್ಪಲಿಲ್ಲ, ದುಡ್ಡು ಅಪ್ಪನದು, ಸಂಕಟ ಅವಳದು, ಸಲಹೆ ಮಾತ್ರ ನನ್ನದು. ಕೊನೆಗೆ, ಆ ವಾರ ವಾರ್ಡಿನಲ್ಲಿ ಕಂಡ ರೋಗಕ್ಕೆ ಸಂಬಂಧಿಸಿದ ವಿಡಿಯೊ ಮಾತ್ರ, ದಿನಕ್ಕೆ ಒಂದು ಗಂಟೆ ಎಂಬಲ್ಲಿಗೆ ನಿಂತಿತು. ನನ್ನ ಮೂಲ ಸಲಹೆಗಿಂತ ಇದೇ ಮೇಲು ಎಂದು ಈಗ ಅನ್ನಿಸುತ್ತದೆ.

ಎಲೆಕ್ಟಿವ್, ಅಂದರೆ ವಿದ್ಯಾರ್ಥಿಯೇ ಆರಿಸಿಕೊಳ್ಳುವ ವಿಭಾಗದ ಕಲಿಕೆ, ಅದರ ಆಯ್ಕೆಯ ಮಾತೂ ಬಂತು. "ರೇಡಿಯಾಲಜಿ, ಮೇಡಂ. ಅಲ್ಲಿ ಯಾರ ಹತ್ತಿರವೂ ಮಾತನಾಡಬೇಕಿಲ್ಲ." ಈಗಲೇ ಅರ್ಜಿ ತುಂಬಬೇಡಿ ಎಂದಷ್ಟೇ ಹೇಳಿದೆ.

ಆರು ವಾರದ ಮೇಲೆ ಬಂದಾಗ ಕೈಯಲ್ಲಿ ಹಾಳೆ ಇರಲಿಲ್ಲ. ಸರ್ಜರಿ ಪೋಸ್ಟಿಂಗಿನಲ್ಲಿ ಮೂರು ಕೇಸ್ ಪ್ರೆಸೆಂಟ್ ಮಾಡಿದ್ದಳು. ಎರಡರಲ್ಲಿ ಬೈಗುಳ, ಅದೂ ಹೊಟ್ಟೆ ಮುಟ್ಟಿ ಪರೀಕ್ಷಿಸಿದ ರೀತಿಗೆ, ಇಂಗ್ಲಿಷಿಗಲ್ಲ. ಅದನ್ನು ಹೇಳುವಾಗ ನಗುತ್ತಿದ್ದಳು. ಮೆಡಿಸಿನ್ ಹಾಜರಾತಿ ಇನ್ನೂ ಕಡಿಮೆಯೇ ಇದೆ. ವಿಭಾಗದವರು ಬಿಡುವಿನ ದಿನಗಳಲ್ಲಿ ಹೆಚ್ಚುವರಿ ಪೋಸ್ಟಿಂಗ್ ಮಾಡಿಸಲು ಒಪ್ಪಿದ್ದಾರೆ. ಕೇರಳದ ಹುಡುಗ 'ದಮ್ಮು ಬರುತ್ತದೆಯೇ' ಎಂದು ಕೇಳುವುದನ್ನು ಕಲಿತಿದ್ದಾನೆ, ಉತ್ತರ ಇನ್ನೂ ಅರ್ಥವಾಗುವುದಿಲ್ಲ. ಎಲೆಕ್ಟಿವ್ ಅರ್ಜಿಯ ಹಿಂಬದಿಯಲ್ಲಿ ಎರಡು ಹೆಸರು ಬರೆದುಕೊಂಡಿದ್ದಳು. ಒಂದು ಈಗಲೂ ರೇಡಿಯಾಲಜಿಯೇ.